ಹಳೇ ಸ್ಟೀಲ್ ಎಂಟಿಬಿ (ಮೌಂಟನ್ ಬೈಕ್) ಫ್ರೇಮನ್ನು ದೂರದ ಪ್ರವಾಸಕ್ಕೆ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸೈಕಲ್ ಅಂಗಡಿಯ ಕಟ್ಟೆಯ ಮೇಲೆ, ಫೋನಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದವು ಮೊದಲು, ಅಳತೆ-ಲೆಕ್ಕದವು ಆಮೇಲೆ. ಬಳ್ಳಾರಿ, ರಾಯಚೂರು, ಕೊಪ್ಪಳದ ರಸ್ತೆ, ಮಣ್ಣು, ಬಿಸಿಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಉತ್ತರಗಳಿವು. ಮಲೆನಾಡಿನವರಿಗೆ ಕೆಲವು ಹೊಂದಲಿಕ್ಕಿಲ್ಲ.

## ಕೊಳ್ಳುವ ಮೊದಲು

ಹೊಸಾ ಟೂರಿಂಗ್ ಸೈಕಲ್ಲೇ ತಗೋಬಹುದಲ್ರೀ, ಹಳೇ ಎಂಟಿಬಿ ಫ್ರೇಮ್ ಯಾಕ ಬೇಕು?

ದುಡ್ಡಿದ್ದರೆ ಹೊಸದನ್ನೇ ತಗೊಳ್ಳಿ, ತಪ್ಪೇನಿಲ್ಲ. ಆದರೆ 1980ರ ದಶಕದ ನಡುವಿನಿಂದ 1990ರ ದಶಕದ ನಡುವಿನವರೆಗೆ ಬಂದ ಸ್ಟೀಲ್ ಎಂಟಿಬಿಗಳಲ್ಲಿ ಹೆಚ್ಚಿನವಕ್ಕೆ ಮುಂದೆ ಸ್ಪ್ರಿಂಗ್ ಇರಲಿಲ್ಲ. ದಪ್ಪ ಟೈರಿಗೆ ಜಾಗ, ಕ್ಯಾರಿಯರ್ ಕೂರಿಸಲು ತೂತು, ಏರಿಗೆ ಆಗುವ ಸಣ್ಣ ಗೇರು ಎಲ್ಲ ಇದ್ದವು. ಸಾಮಾನು ಹೇರಿಕೊಂಡು ಹೋಗುವ ಸೈಕಲ್ಲಿಗೆ ಬೇಕಾದದ್ದೂ ಇವೇ.

ಫ್ರೇಮು ಅಗ್ಗಕ್ಕೆ ಸಿಕ್ಕಿತೆಂದು ಮಾತ್ರ ಹಿಗ್ಗಬೇಡಿ. ಹಣ ತಿನ್ನುವುದು ಚಕ್ರ, ಕ್ಯಾರಿಯರ್, ಬ್ರೇಕು, ಗೇರು. ಬರೀ ಫ್ರೇಮಿಗಿಂತ, ಚಕ್ರ ತಿರುಗುವ ಸ್ಥಿತಿಯಲ್ಲಿರುವ ಪೂರ್ತಿ ಸೈಕಲ್ ಸ್ವಲ್ಪ ದುಬಾರಿಯಾದರೂ ಕೊನೆಗೆ ಅಗ್ಗ ಬೀಳುತ್ತದೆ. ಕೊಳ್ಳುವ ಮೊದಲೇ ಏನೇನು ಬದಲಿಸಬೇಕು ಎಂದು ಚೀಟಿಯಲ್ಲಿ ಬರೆದು ಬೆಲೆ ಕೂಡಿಸಿ ನೋಡಿ. ಆ ಮೊತ್ತ ಕಂಡಮೇಲೆ ಅರ್ಧ ಜನ ಮನಸ್ಸು ಬದಲಿಸುತ್ತಾರೆ.

ಸ್ಟೀಲೇ ಯಾಕ? ಅಲ್ಯೂಮಿನಿಯಂ ಹಗುರ ಅಲ್ವಾ?

ಹಗುರ ಹೌದು. ಆದರೆ ಲಿಂಗಸುಗೂರಿನ ದಾರಿಯಲ್ಲಿ ಕ್ಯಾರಿಯರ್ ಕಿವಿ ಮುರಿದರೆ ಸ್ಟೀಲನ್ನು ಗ್ಯಾಸ್ ಬೆಸುಗೆಯವನು ಹಚ್ಚಿಕೊಡುತ್ತಾನೆ, ಅಲ್ಯೂಮಿನಿಯಂ ಮುಟ್ಟುವುದಿಲ್ಲ. ಗೇರ್ ಹ್ಯಾಂಗರ್ (ಹಿಂದಿನ ಗೇರು ನೇತಾಡುವ ತಗಡು) ಬಗ್ಗಿದರೆ ಸ್ಟೀಲನ್ನು ಮತ್ತೆ ನೆಟ್ಟಗೆ ಮಾಡಬಹುದು. ಹಿಂಬದಿಯ ಅಗಲವನ್ನೂ ತುಸು ಹಿಗ್ಗಿಸಬಹುದು. ಯಾವ ಲೋಹ ಎಂದು ತಿಳಿಯಲು ಕಿಸೆಯಲ್ಲಿ ಒಂದು ಅಯಸ್ಕಾಂತದ ತುಂಡು ಇಟ್ಟುಕೊಳ್ಳಿ, ಹಳೇ ಸ್ಪೀಕರಿನದ್ದಾದರೂ ಸಾಕು. ಫೋರ್ಕಿಗೆ ಮಾತ್ರವಲ್ಲ, ಮೂರೂ ಪೈಪಿಗೆ ಹಿಡಿದು ನೋಡಿ. ಅಲ್ಯೂಮಿನಿಯಂ ಫ್ರೇಮಿಗೆ ಸ್ಟೀಲ್ ಫೋರ್ಕ್ ಇರುವುದು ಮಾಮೂಲು.

ಕಂಪನಿ ಹೆಸರು ನೋಡಿ ತಗೋಬೇಕಾ? ಮನ್ಯಾಗ ಬಿದ್ದಿರೋ ದೇಸಿ ಗೇರ್ ಸೈಕಲ್ ನಡೀತದಾ?

ಹೆಸರಿಗಿಂತ ಪೈಪು ಮುಖ್ಯ. ಸೀಟ್ ಪೈಪಿನ ಮೇಲಿನ ಸ್ಟಿಕ್ಕರಿನಲ್ಲಿ ‘ಕ್ರೋಮೋಲಿ’ ಅಥವಾ ‘4130’ (ಕ್ರೋಮಿಯಂ-ಮಾಲಿಬ್ಡಿನಂ ಬೆರೆಸಿದ ಗಟ್ಟಿ ಉಕ್ಕು) ಎಂದಿದ್ದರೆ, ಇಲ್ಲವೇ ಟ್ಯಾಂಗೆ, ರೆನಾಲ್ಡ್ಸ್ ಎಂಬ ಹೆಸರಿದ್ದರೆ ಒಳ್ಳೆಯ ಪೈಪು. ‘3 ಟ್ಯೂಬ್’ ಎಂದು ಸಣ್ಣಕ್ಷರದಲ್ಲಿದ್ದರೆ ಮುಂದಿನ ಮೂರು ಪೈಪು ಮಾತ್ರ ಕ್ರೋಮೋಲಿ, ಉಳಿದದ್ದು ಸಾಧಾರಣ ಹೈ-ಟೆನ್ ಸ್ಟೀಲು.

ಸ್ಟಿಕ್ಕರ್ ಹೋಗಿದ್ದರೆ ಸೀಟಿನ ಕಂಬ ಹೊರಗೆ ತೆಗೆದು ಅದರ ದಪ್ಪ ನೋಡಿ. ಆ ಕಾಲದ ಸೀಟ್ ಪೈಪಿನ ಹೊರಗಿನ ಅಳತೆ ಸಾಮಾನ್ಯವಾಗಿ 28.6 ಮಿ.ಮೀ. ಕಂಬ 27.2 ಅಥವಾ 26.8 ಇದ್ದರೆ ಪೈಪಿನ ಗೋಡೆ ತೆಳು, ಅಂದರೆ ಒಳ್ಳೆಯ ಉಕ್ಕು. 25.4 ಇದ್ದರೆ ಗೋಡೆ 1.6 ಮಿ.ಮೀ. ದಪ್ಪ, ಅದು ಹೈ-ಟೆನ್. ಎಲ್ಲ ಉಕ್ಕಿನ ಸಾಂದ್ರತೆಯೂ ಹೆಚ್ಚುಕಡಿಮೆ ಒಂದೇ. ಬಲ ಕಡಿಮೆಯಿದ್ದದ್ದಕ್ಕೆ ಗೋಡೆ ದಪ್ಪ ಮಾಡುತ್ತಾರೆ, ಅದಕ್ಕೇ ಭಾರ.

ನಮ್ಮ ಕಡೆ ಗುಜರಿಯಲ್ಲಿ ಸಿಗುವುದು ಬಹುಪಾಲು ಹೈ-ಟೆನ್ನೇ. ಬಯಲುಸೀಮೆಯ ಸಪಾಟು ರಸ್ತೆಗೆ ಒಂದು ಕಿಲೋ ಹೆಚ್ಚಾದರೆ ಏನೂ ಆಗುವುದಿಲ್ಲ. ನೇರವಾಗಿರುವ ಹೈ-ಟೆನ್ ಫ್ರೇಮು, ಸೊಟ್ಟಗಾದ ಕ್ರೋಮೋಲಿಗಿಂತ ಎಷ್ಟೋ ಮೇಲು.

ಹಿಂದೂ ಮುಂದೂ ಸ್ಪ್ರಿಂಗ್ ಇರೋದು ಸಿಕ್ಕೈತಿ. ಆರಾಮ ಇರ್ತದಲ್ಲ?

ಬೇಡ. ಹಿಂದಿನ ಸ್ಪ್ರಿಂಗಿಗೆ ಕ್ಯಾರಿಯರ್ ಸರಿಯಾಗಿ ಕೂರುವುದಿಲ್ಲ, ಕೂತರೂ ಭಾರಕ್ಕೆ ಕುಗ್ಗಿ ಕುಗ್ಗಿ ಪಿವೋಟಿನ ಬುಷ್ ಸವೆಯುತ್ತದೆ. ಆರಾಮ ಬೇಕಿದ್ದರೆ ಅಗಲ ಟೈರು ಹಾಕಿ ಗಾಳಿ ತುಸು ಕಡಿಮೆ ಇಡಿ.

ನಾನು 5 ಅಡಿ 7 ಇಂಚು. ಯಾವ ಸೈಜು ನೋಡ್ಲಿ?

ಬಿ.ಬಿ. (ಬಾಟಮ್ ಬ್ರಾಕೆಟ್, ಪೆಡಲಿನ ಅಚ್ಚು ಕೂರುವ ಜಾಗ) ನಡುವಿನಿಂದ ಸೀಟ್ ಪೈಪಿನ ತುದಿಗೆ 17ರಿಂದ 18 ಇಂಚು. ಆದರೆ ಸೀಟನ್ನು ಏರಿಸಬಹುದು, ಇಳಿಸಬಹುದು. ಉದ್ದ ಹೆಚ್ಚಾದ ಫ್ರೇಮನ್ನು ಗಿಡ್ಡ ಮಾಡಲಾಗದು. ಆದ್ದರಿಂದ ಹೆಡ್ ಪೈಪಿನ (ಹ್ಯಾಂಡಲ್ ಕೂರುವ ಮುಂದಿನ ಗಿಡ್ಡ ಪೈಪು) ಮೇಲ್ತುದಿಯ ನಡುವಿನಿಂದ ಸೀಟಿನ ಕಂಬದವರೆಗೆ ಅಡ್ಡಡ್ಡ, ನೆಲಕ್ಕೆ ಸಮಾನಾಂತರವಾಗಿ ಟೇಪು ಹಿಡಿಯಿರಿ. ನೇರ ಹ್ಯಾಂಡಲ್ ಇಡುವುದಾದರೆ 56-57 ಸೆಂ.ಮೀ. ನಡೆಯುತ್ತದೆ. ಬಗ್ಗಿದ ಡ್ರಾಪ್ ಹ್ಯಾಂಡಲ್ ಹಾಕುವ ಆಸೆಯಿದ್ದರೆ 2-3 ಸೆಂ.ಮೀ. ಕಡಿಮೆ ಇರಲಿ, ಇಲ್ಲವಾದರೆ ಕೈ ಚಾಚಿ ಚಾಚಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಸೈಕಲ್ ಮೇಲೆ ಕಾಲು ಹಾಕಿ ನಿಂತಾಗ ಮೇಲಿನ ಪೈಪಿಗೂ ನಿಮಗೂ ನಡುವೆ ನಾಲ್ಕು ಬೆರಳು ಜಾಗ ಉಳಿಯಬೇಕು.

## ಫ್ರೇಮು ಕೈಗೆ ಬಂದಾಗ

ಬಿರುಕು ಬಿಟ್ಟೈತೋ ಇಲ್ಲೋ ಹೆಂಗ ಗೊತ್ತಾಗ್ತದ?

ಒಂದು ಬನಿಯನ್ ಚಿಂದಿ, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್, ಮೊಬೈಲಿನ ಟಾರ್ಚ್ ಸಾಕು. ಫ್ರೇಮನ್ನು ತಲೆಕೆಳಗೆ ಮಾಡಿ ಧೂಳು ಪೂರ್ತಿ ಒರೆಸಿ. ಬಿಸಿಲಿನಲ್ಲಿ ನೋಡಬೇಡಿ, ನೆರಳಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ.

ಮೊದಲು ಹೆಡ್ ಪೈಪಿನ ಹಿಂದೆ ಕೆಳಗಿನ ಪೈಪಿನ ತಳ. ಅಲ್ಲಿ ತೋರುಬೆರಳಿನ ಉಗುರನ್ನು ಹಿಂದಿನಿಂದ ಮುಂದಕ್ಕೆ ನಿಧಾನಕ್ಕೆ ಎಳೆಯಿರಿ. ಬೆಸುಗೆಯಿಂದ ಎರಡು-ಮೂರು ಬೆರಳು ಹಿಂದೆ ಪೈಪು ಸಣ್ಣಗೆ ಉಬ್ಬಿದ್ದರೆ, ಸೀರೆಯ ನೆರಿಗೆಯಂತೆ ಬಣ್ಣ ಮಡಚಿದ್ದರೆ, ಆ ಸೈಕಲ್ ಎದುರಿಗೆ ಗುದ್ದಿದೆ. ಕಣ್ಣಿಗೆ ಕಾಣದ್ದು ಉಗುರಿಗೆ ತಟ್ಟುತ್ತದೆ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆಯಿದ್ದು ಅದರಿಂದ ಕಂದು ತುಕ್ಕಿನ ನೀರು ಇಳಿದ ಗುರುತಿದ್ದರೆ ಬಣ್ಣದ ಬಿರುಕಲ್ಲ, ಉಕ್ಕಿನದೇ.

ಆಮೇಲೆ ಸೀಟ್ ಪೈಪು ಮೇಲಿನ ಪೈಪಿಗೆ ಸೇರುವ ಮೂಲೆ, ಸೀಟ್ ಬೋಲ್ಟಿನ ಸೀಳಿನ ಕೆಳತುದಿ, ಬಿ.ಬಿ. ಹಿಂದೆ ಬಲಗಡೆಯ ಪೈಪು, ಹಿಂದಿನ ಆಕ್ಸಲ್ ಕೂರುವ ತಗಡು. ಕೊನೆಯದು ಬಲಗಡೆಯೇ ಹೆಚ್ಚು ಬಿರಿಯುವುದು, ಏಕೆಂದರೆ ಚೈನಿನ ಎಳೆತ ಆ ಕಡೆ. ಅನುಮಾನವಿದ್ದ ಜಾಗಕ್ಕೆ ಡೀಸೆಲ್ ಹಚ್ಚಿ, ಒರೆಸಿ, ಸೀಮೆಸುಣ್ಣ ಉಜ್ಜಿ ಹತ್ತು ನಿಮಿಷ ಬಿಡಿ. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಸುಣ್ಣದಲ್ಲಿ ಗೆರೆಯಾಗಿ ಮೂಡುತ್ತದೆ. ಹೊಸದಾಗಿ ಬಣ್ಣ ಹೊಡೆದ ಹಳೇ ಫ್ರೇಮನ್ನು ನಾವಾದರೆ ಎರಡು ಪಟ್ಟು ಅನುಮಾನದಿಂದ ನೋಡುತ್ತೇವೆ.

ತುಕ್ಕು ಎಷ್ಟಿದ್ರ ಪರವಾಗಿಲ್ಲ?

ಕೈಗೆ ಪುಡಿ ಹತ್ತುವ ಮೇಲಿನ ತುಕ್ಕು ಲೆಕ್ಕಕ್ಕಿಲ್ಲ, ಸ್ಯಾಂಡ್‌ಪೇಪರಿಗೆ ಹೋಗುತ್ತದೆ. ಬಣ್ಣದಡಿ ಗುಳ್ಳೆಯೆದ್ದಿದ್ದರೆ ಚೀಲ ಹೊಲಿಯುವ ದಬ್ಬಣದಿಂದ ಒತ್ತಿ ನೋಡಿ. ಒಳಗೆ ಇಳಿದರೆ ಆಟ ಮುಗಿಯಿತು. ಸೀಟ್ ಕಂಬದ ತೂತಿನಿಂದ ಹೋದ ಮಳೆನೀರು ಕೊನೆಗೆ ನಿಲ್ಲುವುದು ಬಿ.ಬಿ. ತಳದಲ್ಲಿ. ಫ್ರೇಮನ್ನು ಬೋರಲು ಹಾಕಿ ಕುಲುಕಿದಾಗ ತುಕ್ಕಿನ ಚಕ್ಕೆಗಳು ಹಿಡಿಗಟ್ಟಲೆ ಬಿದ್ದರೆ ಬಿಡಿ.

ಕಣ್ಣಿಗೆ ನೆಟ್ಟಗೆ ಕಾಣ್ತದ. ಸೊಟ್ಟ ಆಗಿದ್ರ ಪತ್ತೆ ಹಚ್ಚೋದು ಹೆಂಗ?

ಕಣ್ಣನ್ನು ನಂಬಬೇಡಿ, ದಾರ ತನ್ನಿ. ಗೌಂಡಿಗಳು ಗೋಡೆಗೆ ಹಿಡಿಯುವ ನೈಲಾನ್ ದಾರವೇ ಚೆನ್ನ. ಚಕ್ರ ತೆಗೆದು, ದಾರದ ಒಂದು ತುದಿಯನ್ನು ಎಡಗಡೆಯ ಆಕ್ಸಲ್ ತಗಡಿಗೆ ಕಟ್ಟಿ, ಮುಂದೆ ತಂದು ಹೆಡ್ ಪೈಪನ್ನು ಸುತ್ತಿಸಿ, ಹಿಂದಕ್ಕೆ ಒಯ್ದು ಬಲಗಡೆಯ ತಗಡಿಗೆ ಅದೇ ಜಾಗದಲ್ಲಿ ಬಿಗಿಯಾಗಿ ಕಟ್ಟಿ. ಈಗ ಸೀಟ್ ಪೈಪಿನಿಂದ ಎರಡೂ ಕಡೆ ದಾರಕ್ಕೆ ಎಷ್ಟು ದೂರ ಎಂದು ಸ್ಟೀಲ್ ಸ್ಕೇಲಿನಿಂದ ಅಳೆಯಿರಿ. ವ್ಯತ್ಯಾಸ 2 ಮಿ.ಮೀ. ಒಳಗಿದ್ದರೆ ಚಿಂತೆಯಿಲ್ಲ. 4 ದಾಟಿದರೆ ಬಿಡಿ, ಅಥವಾ ಬೆಲೆ ಇಳಿಸಿಕೊಂಡು ಸರಿಪಡಿಸಬಲ್ಲವರಿಗೆ ತೋರಿಸಿ. ದಾರ ಕೇಬಲ್ ಹಿಡಿಕೆಗೋ ಬ್ರೇಕಿನ ಮೊಳೆಗೋ ತಾಗಿದ್ದರೆ ಅಳತೆ ಸುಳ್ಳು ಹೇಳುತ್ತದೆ, ಬೆರಳಿಂದ ಮೀಟಿ ನೋಡಿ.

ಸೀಟಿನ ಕಂಬ ಜಾಮ್ ಆಗೈತಿ. ಹೊಡೆದು ಬಿಡಿಸಬಹುದಾ?

ಹೊಡೆದರೆ ಸೀಟ್ ಪೈಪು ಸೀಳುತ್ತದೆ. ಅಲ್ಯೂಮಿನಿಯಂ ಕಂಬವೂ ಸ್ಟೀಲ್ ಪೈಪೂ ಗ್ರೀಸಿಲ್ಲದೆ ವರ್ಷಗಟ್ಟಲೆ ಕೂತರೆ ನಡುವೆ ಬಿಳಿ ಪುಡಿ ಬೆಳೆದು ಕಚ್ಚಿಕೊಳ್ಳುತ್ತದೆ. ಫ್ರೇಮನ್ನು ಬೋರಲಿಟ್ಟು ಬಿ.ಬಿ. ಕಡೆಯಿಂದ ತುಕ್ಕು ಬಿಡಿಸುವ ಎಣ್ಣೆ ಸುರಿದು ಎರಡು-ಮೂರು ದಿನ ಬಿಡಿ. ಆಮೇಲೆ ಕಂಬದ ತಲೆಯನ್ನು ಬೆಂಚ್ ವೈಸಿಗೆ ಕಚ್ಚಿಸಿ ಇಡೀ ಫ್ರೇಮನ್ನೇ ತಿರುಗಿಸಿ. ಬಿಸಿ ಮಾಡಬೇಡಿ: ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಇನ್ನೂ ಬಿಗಿಯಾಗುತ್ತದೆ. ರಾಯಚೂರಿನ ಮೇ ಮಧ್ಯಾಹ್ನದಲ್ಲಿ ಬಾರದ್ದು ಬೆಳಗಿನ ಜಾವ, ಕಂಬಕ್ಕೆ ಐಸ್ ಸುತ್ತಿದಾಗ ಬಂದೀತು. ಕೊಳ್ಳುವ ಮೊದಲೇ ಕಂಬ, ಹ್ಯಾಂಡಲ್ ಸ್ಟೆಮ್ ಎರಡೂ ಅಲ್ಲಾಡುತ್ತವೆಯೇ ನೋಡಿಬಿಡಿ.

ಕದ್ದ ಮಾಲು ಅಲ್ಲ ಅಂತ ಹೆಂಗ ನಂಬೋದು?

ಬಿ.ಬಿ. ತಳದ ಫ್ರೇಮ್ ನಂಬರ್ ಉಜ್ಜಿ ಅಳಿಸಿದ್ದರೆ ಮುಟ್ಟಬೇಡಿ. ನಂಬರ್ ಇದ್ದರೆ ಫೋಟೋ ತೆಗೆದು, ಮಾರುವವರ ಸಹಿಯೊಂದಿಗೆ ಚೀಟಿ ಬರೆಸಿಕೊಳ್ಳಿ.

## ನಮ್ಮ ಮಣ್ಣು, ಮುಳ್ಳು, ಬಿಸಿಲು

ಮಳಿಗಾಲದಾಗ ಎರಿ ಮಣ್ಣು ಚಕ್ರಕ್ಕೆ ಸುತ್ತಿ ಸೈಕಲ್ಲೇ ಹೊತ್ಕೊಂಡು ಬರಬೇಕಾಯ್ತು. ಯಾವ ಫ್ರೇಮಿಗೆ ಹಿಂಗ ಆಗಂಗಿಲ್ಲ?

ಆಗದಂಥ ಫ್ರೇಮು ಇಲ್ಲ. ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯ ಎರೆ ಹೊಲದ ದಾರಿ ನೆನೆದರೆ ಟ್ರ್ಯಾಕ್ಟರೂ ನಿಲ್ಲುತ್ತದೆ. ಆದರೆ ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ಸಲೀಸಾಗಿ ಹೋಗುವ ಎರಡು ಸೈಕಲ್ಲುಗಳಲ್ಲಿ ಎರೆಯಲ್ಲಿ ಒಂದು ಹತ್ತು ಹೆಜ್ಜೆಗೆ ನಿಂತರೆ ಇನ್ನೊಂದು ನೂರು ಹೆಜ್ಜೆ ಹೋಗುತ್ತದೆ. ವ್ಯತ್ಯಾಸ ಜಾಗದ್ದು.

ಬಿ.ಬಿ. ಹಿಂದೆ ಟೈರು ಹಾದುಹೋಗುವಲ್ಲಿ ಎರಡು ಪೈಪುಗಳ ನಡುವೆ ಒಳಗಿನ ಅಗಲ ಅಳೆಯಿರಿ. 1.95 ಟೈರು ಸುಮಾರು 50 ಮಿ.ಮೀ. ಎರಡೂ ಕಡೆ 8 ಮಿ.ಮೀ. ಬಿಡಬೇಕೆಂದರೆ 66 ಬೇಕು. ಅಲ್ಲಿ ಅಡ್ಡ ಕೂಡಿಸಿದ ಸಣ್ಣ ಪೈಪು ಟೈರಿಗೆ ತೀರಾ ಹತ್ತಿರವಿದ್ದರೆ ಮಣ್ಣು ಮೊದಲು ಗೂಡು ಕಟ್ಟುವುದು ಅಲ್ಲೇ. ಟೈರು ಮಣ್ಣನ್ನು ತಂದು ಅದರ ಮೇಲೆ ಸವರುತ್ತದೆ, ಅದು ಒಣಗುವ ಮೊದಲೇ ಮೇಲೊಂದು ಪದರ, ಐದಾರು ಸುತ್ತಿನಲ್ಲಿ ಚಕ್ರ ಕಚ್ಚುತ್ತದೆ. 1980ರ ದಶಕದ ಕೊನೆಯ ಕೆಲವು ಎಂಟಿಬಿಗಳಲ್ಲಿ ಹಿಂದಿನ ಬ್ರೇಕನ್ನು ಇದೇ ಜಾಗದಲ್ಲಿ, ಪೈಪಿನ ಅಡಿಯಲ್ಲಿ ಇಟ್ಟಿದ್ದರು. ಯು-ಬ್ರೇಕ್ ಎನ್ನುತ್ತಾರೆ. ಎರೆಸೀಮೆಗೆ ಅದು ಸುತರಾಂ ಬೇಡ.

ಮಡ್‌ಗಾರ್ಡ್ ಮೋಹ ಇದ್ದರೆ ಒಂದೇ ಬೋಲ್ಟಿಗೆ ಬಿಚ್ಚಿಬರುವಂಥದ್ದು ಹಾಕಿ.

26 ಇಂಚು ಹಳೇದಾಯ್ತು ಅಂತಾರ. 27.5 ಅಥವಾ 700ಸಿ ಹಾಕ್ಲಾ?

ನಮ್ಮ ಕಡೆ ಹುಡುಗರು ಓಡಿಸುವ ಗೇರ್ ಸೈಕಲ್ಲುಗಳ ದಯೆಯಿಂದ 26ರ ಟ್ಯೂಬು ಯಾವ ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ. ಅದನ್ನು ಬಿಡಲು ಕಾರಣವೇ ಇಲ್ಲ. ಎಂಟಿಬಿ 26ರ ರಿಮ್ಮಿನ ಅಳತೆ 559 ಮಿ.ಮೀ., 27.5ರದು 584, 700ಸಿಯದು 622. ರಿಮ್ ದೊಡ್ಡದಾದರೆ ಬ್ರೇಕಿನ ರಬ್ಬರು ರಿಮ್ಮಿಗೆ ಸಿಗದೆ ಅದರ ಒಳಗೆ, ಕಡ್ಡಿಗಳ ಕಡೆಗೆ ಬೀಳುತ್ತದೆ.

ಮೋಸ ಹೋಗುವ ಜಾಗ ಇನ್ನೊಂದಿದೆ. 26×1.5 ಕೇಳಿದರೆ ಅಂಗಡಿಯಲ್ಲಿ 26×1½ ಕೊಟ್ಟಾರು. ಲೆಕ್ಕದಲ್ಲಿ ಒಂದೇ, ಚಕ್ರದಲ್ಲಿ ಬೇರೆ: ಮೊದಲನೆಯದು 559, ಎರಡನೆಯದು 584. ಲೇಡೀಸ್ ಸೈಕಲ್ಲಿನ 26×1⅜ ಮತ್ತೆ ಬೇರೆ, 590. ಪಾಯಿಂಟ್ ಹಾಕಿ ಬರೆದದ್ದೇ ನಿಮಗೆ ಬೇಕಾದದ್ದು. ಟೈರಿನ ಪಕ್ಕೆಯ ಮೇಲೆ 559 ಇದೆಯೇ ಓದಿ, ಆಮೇಲೆ ದುಡ್ಡು ಕೊಡಿ.

ಜಾಲಿ ಮುಳ್ಳಿಗೆ ದಿನಕ್ಕ ಮೂರು ಪಂಕ್ಚರ್. ಫ್ರೇಮಿಗೂ ಅದಕ್ಕೂ ಸಂಬಂಧ ಐತಾ?

ಇದೆ. ಬಳ್ಳಾರಿ ಜಾಲಿಯ ಮುಳ್ಳು ತೆಳು ಟೈರನ್ನು ದಾಟಿ ಟ್ಯೂಬಿನ ಎರಡೂ ಪದರ ಚುಚ್ಚುತ್ತದೆ; ನೆಗ್ಗಿಲು ಮುಳ್ಳು ಒಂದೇ ಸಲಕ್ಕೆ ನಾಲ್ಕೈದು ಕಡೆ. ದಪ್ಪ ಟೈರು, ಅದರೊಳಗೆ ಪಟ್ಟಿ, ಟ್ಯೂಬಿನೊಳಗೆ ಸೀಲೆಂಟ್, ಮೂರೂ ಬೇಕು, ಮೂರಕ್ಕೂ ಫ್ರೇಮಿನಲ್ಲಿ ಅಗಲ ಬೇಕು. ಟ್ಯೂಬಿನ ವಾಲ್ ಬೈಕಿನ ನಮೂನೆಯದೇ ಇರಲಿ, ಯಾವ ಪಂಕ್ಚರ್ ಅಂಗಡಿಯ ಕಂಪ್ರೆಸರಿಗೂ ಕೂರುತ್ತದೆ. ಸೂಜಿಯಂಥ ಪ್ರೆಸ್ಟಾ ವಾಲ್ ಹಾಕಿಕೊಂಡು ಮಸ್ಕಿಯಲ್ಲಿ ಗಾಳಿ ಹುಡುಕುವ ಪಾಡು ಬೇಡ.

ನೀರಿನ ಬಾಟ್ಲಿಗೆ ತೂತೇ ಇಲ್ಲ. ಡ್ರಿಲ್ ಹೊಡಸ್ಲಾ?

ಬೇಡ. ಒಳ್ಳೆಯ ಪೈಪು ನಡುವೆಯೇ ಅತಿ ತೆಳು, ತೂತು ಕೊರೆದಲ್ಲೇ ಬಿರುಕು ಶುರು. ಹಳೇ ಟ್ಯೂಬಿನ ತುಂಡು ಸುತ್ತಿ ಮೇಲೆ ಹೋಸ್ ಕ್ಲ್ಯಾಂಪ್ ಬಿಗಿಯಿರಿ. ಬೇಸಿಗೆಯಲ್ಲಿ 4-5 ಲೀಟರ್ ಹೊರಬೇಕು, ಅದರಲ್ಲಿ 2 ಲೀಟರಾದರೂ ಕೆಳಗಿನ ಪೈಪಿನ ಮೇಲೆ, ತಗ್ಗಿನಲ್ಲಿರಲಿ.

## ಭಾಗಗಳ ಹೊಂದಾಣಿಕೆ

ಹಿಂದಿನ ಆಕ್ಸಲ್ ಪದೇ ಪದೇ ಮುರೀತದ. ಬೇರೆ ಹಬ್ ಕೂರ್ತದಾ?

ತಿರುಪಿನ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಇರುವ ಹಬ್ಬಿನಲ್ಲಿ ಬಲಗಡೆಯ ಬೇರಿಂಗು ಫ್ರೀವೀಲಿನ ಒಳಬದಿಯಲ್ಲಿರುತ್ತದೆ. ಅಲ್ಲಿಂದ ಫ್ರೇಮಿನವರೆಗೆ ಆಕ್ಸಲ್ಲಿಗೆ ಆಸರೆಯಿಲ್ಲ. 20 ಕಿಲೋ ಹೇರಿ ಗುಂಡಿಗೆ ಹಾಕಿದರೆ ಅಲ್ಲೇ ಬಗ್ಗುತ್ತದೆ. ಕ್ಯಾಸೆಟ್ ಹಬ್ಬಿನಲ್ಲಿ (ಹಲ್ಲುಚಕ್ರಗಳು ಹಬ್ಬಿನ ಮೇಲೆ ಜಾರಿ ಕೂರುವಂಥದ್ದು) ಬೇರಿಂಗು ತುದಿಯ ಹತ್ತಿರವಿರುವುದರಿಂದ ಈ ತೊಂದರೆ ಕಡಿಮೆ. ಟೂರಿಂಗಿಗೆ ಅದೇ ಬೇಕು, 36 ಕಡ್ಡಿಯದು.

ಅದಕ್ಕೆ ಹಿಂದಿನ ತಗಡುಗಳ ನಡುವೆ 135 ಮಿ.ಮೀ. ಇರಬೇಕು. 1980ರ ದಶಕದವು ಸಾಮಾನ್ಯವಾಗಿ 130. ಸ್ಟೀಲಿನಲ್ಲಿ 5 ಮಿ.ಮೀ. ಹಿಗ್ಗಿಸುವುದು ದೊಡ್ಡ ಮಾತಲ್ಲ: ಹಾರ್ಡ್‌ವೇರ್ ಅಂಗಡಿಯ 10 ಮಿ.ಮೀ. ತಿರುಪಿನ ಸರಳಿಗೆ ಎರಡು ನಟ್ಟು ಹಾಕಿ ಒಳಗಿಟ್ಟು ಅಗಲಿಸಿ, ಸಡಿಲಿಸಿ, ಅಳೆಯಿರಿ, ಮತ್ತೆ ಅಗಲಿಸಿ. ಉಕ್ಕು ವಾಪಸ್ ಬರುತ್ತದೆ, ಅದಕ್ಕೇ ಒಂದೇ ಸಲಕ್ಕೆ ಜಾಸ್ತಿ ತಿರುವಬೇಡಿ. ಎರಡು ಕಡೆಯೂ ಸಮ ಅಗಲುವುದಿಲ್ಲ, ಮೆತ್ತಗಿದ್ದ ಕಡೆಯೇ ಹೆಚ್ಚು ಹೋಗುತ್ತದೆ. ಪ್ರತಿ ಸಲವೂ ದಾರ ಹಿಡಿದು ನೋಡಿ, ಹಿಂದುಳಿದ ಕಡೆಯನ್ನು ಬೇರೆಯಾಗಿ ಎಳೆಯಿರಿ. 120ರ ಸಿಂಗಲ್ ಗೇರ್ ಫ್ರೇಮನ್ನು 135ಕ್ಕೆ ಎಳೆಯುವ ಸಾಹಸ ಬೇಡ.

ಮುಂದಿನ ಸ್ಪ್ರಿಂಗ್ ಫೋರ್ಕ್ ತೆಗೆದು ಗಟ್ಟಿ ಫೋರ್ಕ್ ಹಾಕಬಹುದಾ?

ಎತ್ತರ ಹೊಂದಿದರೆ ಮಾತ್ರ. ಆಕ್ಸಲ್ ನಡುವಿನಿಂದ ಹೆಡ್ ಪೈಪಿನ ಕೆಳಗಿನ ಕಪ್ಪು ಕೂರುವ ಜಾಗಕ್ಕೆ ಅಳೆಯಿರಿ. ಹಳೇ ಗಟ್ಟಿ ಫೋರ್ಕು 390-410 ಮಿ.ಮೀ., 80 ಮಿ.ಮೀ. ಕುಗ್ಗುವ ಸ್ಪ್ರಿಂಗ್ ಫೋರ್ಕು ಸುಮಾರು 450. ಪ್ರತಿ 20 ಮಿ.ಮೀ. ಕಡಿಮೆಯಾದಾಗ ಹೆಡ್ ಪೈಪಿನ ಕೋನ ಸುಮಾರು ಒಂದು ಡಿಗ್ರಿ ನೆಟ್ಟಗಾಗುತ್ತದೆ, ಪೆಡಲ್ಲೂ ನೆಲಕ್ಕೆ ಇಳಿಯುತ್ತದೆ. ಎರಡು ಡಿಗ್ರಿ ಬದಲಾದರೆ ಲೋಡಿನಲ್ಲಿ ಹ್ಯಾಂಡಲ್ ಚಂಚಲ. ಸ್ಪ್ರಿಂಗಿಗೆಂದೇ ಮಾಡಿದ ಫ್ರೇಮಿಗೆ ಉದ್ದದ ಗಟ್ಟಿ ಫೋರ್ಕೇ ಹುಡುಕಿ. ಹೆಡ್ಡಿನ ಅಳತೆ 1 ಇಂಚೋ 1⅛ ಇಂಚೋ ಮೊದಲೇ ನೋಡಿ: ತಿರುಪಿನ ಹೆಡ್ಡಿನಲ್ಲಿ ಸ್ಟೆಮ್ಮಿನ ಕಡ್ಡಿ 22.2 ಮಿ.ಮೀ. ಇದ್ದರೆ 1 ಇಂಚು, 25.4 ಇದ್ದರೆ 1⅛.

ಕ್ಯಾರಿಯರಿಗೆ ಚೀಲ ಹಾಕಿದ್ರ ಹಿಮ್ಮಡಿ ಬಡೀತದ. ಏನ್ ಮಾಡ್ಲಿ?

ಬಿ.ಬಿ.ಯಿಂದ ಹಿಂದಿನ ಆಕ್ಸಲ್ಲಿಗೆ ಇರುವ ದೂರ ಕಡಿಮೆಯಾಯಿತು. 1990ರ ದಶಕದ ಎಂಟಿಬಿಗಳಲ್ಲಿ ಅದು 425ರ ಆಸುಪಾಸು, ಟೂರಿಂಗಿಗೆ 440 ದಾಟಿದರೆ ಒಳ್ಳೆಯದು. ಫ್ರೇಮು ಆಗಲೇ ಕೊಂಡಿದ್ದರೆ ಉದ್ದ ಕ್ಯಾರಿಯರ್ ಹಾಕಿ ಚೀಲವನ್ನು ಹಿಂದಕ್ಕೆ ಸರಿಸಿ, ಕೆಳಮೂಲೆ ಓರೆಯಾಗಿರುವ ಚೀಲ ಆರಿಸಿ.

ಕ್ಯಾರಿಯರ್ ಕಿವಿಯ ತೂತಿಗೆ 5 ಮಿ.ಮೀ. ಬೋಲ್ಟು. ಬಲಗಡೆಯ ಬೋಲ್ಟಿನ ತುದಿ ಒಳಗೆ 1 ಮಿ.ಮೀ. ಹೆಚ್ಚು ಚಾಚಿದರೂ ಅತಿ ಸಣ್ಣ ಪಲ್ಲೆಯ (ಹಲ್ಲುಚಕ್ರದ) ಮೇಲೆ ಚೈನು ಅದಕ್ಕೆ ತಾಗಿ ಕಟಕಟ ಎನ್ನುತ್ತದೆ. ಎಷ್ಟೋ ಜನ ಗೇರ್ ಕೆಟ್ಟಿತೆಂದು ವಾರಗಟ್ಟಲೆ ಕೇಬಲ್ ತಿರುವುತ್ತಾರೆ. ಬೋಲ್ಟು ಗಿಡ್ಡ ಮಾಡಿ.

ಡ್ರಾಪ್ ಹ್ಯಾಂಡಲ್ ಹಾಕಿದ್ರ ಆಷಾಢದ ಗಾಳಿಗೆ ಅನುಕೂಲ ಅಲ್ವಾ?

ಅನುಕೂಲವೇ. ಆದರೆ ಎಂಟಿಬಿಯ ಲಿವರು, ಶಿಫ್ಟರು 22.2 ಮಿ.ಮೀ. ಪೈಪಿನವು, ಡ್ರಾಪ್ ಹ್ಯಾಂಡಲ್ 23.8, ಒಂದೂ ಕೂರುವುದಿಲ್ಲ. ರೋಡ್ ಲಿವರು ಕೇಬಲನ್ನು ಕಡಿಮೆ ಎಳೆಯುತ್ತದೆ, ವಿ-ಬ್ರೇಕಿಗೆ (ಎಂಟಿಬಿಯ ಉದ್ದ ತೋಳಿನ ಬ್ರೇಕು) ಹೆಚ್ಚು ಎಳೆತ ಬೇಕು. ಜೋಡಿಸಿದರೆ ಬ್ರೇಕ್ ಹಿಡಿಯುವುದೇ ಇಲ್ಲ. ಕಡಿಮೆ ಎಳೆತಕ್ಕೆ ಹೊಂದುವ ಕ್ಯಾಂಟಿಲಿವರ್ ಬ್ರೇಕಿಗೆ ಬದಲಿಸಬೇಕಾಗುತ್ತದೆ. ನಮ್ಮ ಸಲಹೆ: ನೇರ ಹ್ಯಾಂಡಲ್, ತುದಿಗೆ ಕೊಂಬು, ಉಳಿದ ಹಣಕ್ಕೆ ಒಳ್ಳೆಯ ಹಿಂದಿನ ಚಕ್ರ.

ಡಿಸ್ಕ್ ಬ್ರೇಕಿನ ಕಿವಿ ವೆಲ್ಡ್ ಮಾಡಿಸಿ, ಆಮೇಲೆ ಪೌಡರ್ ಕೋಟಿಂಗ್ ಮಾಡಿಸ್ಲಾ?

ಡಿಸ್ಕಿನ ಕಿವಿ ಬೇಡ. ಆ ತೆಳು ಪೈಪು ಬ್ರೇಕಿನ ತಿರುಚುವಿಕೆಗೆಂದು ಮಾಡಿದ್ದಲ್ಲ, ಮುಂದಿನ ಫೋರ್ಕಿಗಂತೂ ಕೈ ಹಚ್ಚಲೇಬೇಡಿ. ಕ್ಯಾರಿಯರ್ ಕಿವಿ ಕೂರಿಸಬೇಕಿದ್ದರೆ ಹಿತ್ತಾಳೆ ಬೆಸುಗೆ ಮಾಡಿಸಿ. ಗೇಟು ಮಾಡುವವರ ಆರ್ಕ್ ರಾಡು ತೆಳು ಪೈಪನ್ನು ತೂತು ಮಾಡುತ್ತದೆ. ಪೌಡರ್ ಕೋಟಿಂಗಿನ ಒಲೆ 200 ಡಿಗ್ರಿ ಆಸುಪಾಸು, ಉಕ್ಕಿಗೆ ಅದರಿಂದ ಕೇಡಿಲ್ಲ. ಕೊಡುವ ಮೊದಲು ಬಿ.ಬಿ. ತಿರುಪು, ಹೆಡ್ ಕಪ್ಪಿನ ಜಾಗ, ಬ್ರೇಕಿನ ಮೊಳೆ ಮುಚ್ಚಿಸಿ.

ಬಣ್ಣ ಆದಮೇಲೆ ಪೈಪುಗಳ ಒಳಗೆ ಪೇಂಟ್ ಅಂಗಡಿಯ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ ಹಾಕಿ, ಎಲ್ಲ ದಿಕ್ಕಿಗೂ ಹೊರಳಿಸಿ, ಸುರಿದು, ವಾರ ಒಣಗಿಸಿ. ಚಟ್ನಿಗೆ ಹಾಕುವ ಅಗಸೆ ಎಣ್ಣೆ ಇಷ್ಟು ಬೇಗ ಒಣಗದು. ಒರೆಸಿದ ಚಿಂದಿಯನ್ನು ಮುದುಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಕಾದು ಬೆಂಕಿ ಹತ್ತುತ್ತದೆ. ಹರವಿ ಒಣಗಿಸಿ ಅಥವಾ ನೀರಿನಲ್ಲಿ ಮುಳುಗಿಸಿಡಿ.

ಲೋಡ್ ಹಾಕಿದ ಮ್ಯಾಲೆ ಇಳಿಜಾರಿನಾಗ ಹ್ಯಾಂಡಲ್ ನಡುಗ್ತದ. ಫ್ರೇಮ್ ಕೆಟ್ಟದ್ದಾ?

ಮೊದಲು ಹೆಡ್ ಬೇರಿಂಗ್ ನೋಡಿ: ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿದಾಗ ಟಕ್ಕೆಂದರೆ ಸಡಿಲ. ಅದಲ್ಲದಿದ್ದರೆ ಕ್ಯಾರಿಯರ್ ಬೋಲ್ಟು. ಅದೂ ಅಲ್ಲದಿದ್ದರೆ ಭಾರವೆಲ್ಲ ಹಿಂದೆ, ಎತ್ತರದಲ್ಲಿ ಕೂತಿದೆ. ಮೂರನೇ ಒಂದು ಭಾಗವನ್ನು ಮುಂದಿನ ಫೋರ್ಕಿನ ಪಕ್ಕಕ್ಕೆ ಇಳಿಸಿ. ಮೂರನ್ನೂ ಮಾಡಿದ ಮೇಲೂ ನಡುಗಿದರೆ ಪೈಪು ನಿಮ್ಮ ಭಾರಕ್ಕೆ ತೆಳುವಾಯಿತು, 10 ಕಿಲೋ ಇಳಿಸಿ ನೋಡಿ. ಹಂಪಿ-ಆನೆಗೊಂದಿಯೋ ಇಟಗಿಯೋ ಎಂದು ಹೊರಡುವ ಮೊದಲು ಪೂರ್ತಿ ಸಾಮಾನಿನೊಂದಿಗೆ 50 ಕಿಲೋಮೀಟರ್ ಹೋಗಿ ಬಂದು ಎಲ್ಲ ಬೋಲ್ಟನ್ನೂ ಮತ್ತೊಮ್ಮೆ ಬಿಗಿಯಿರಿ. ಹೊಸದಾಗಿ ಕಟ್ಟಿದ ಚಕ್ರದ ಕಡ್ಡಿಗಳೂ ಅಷ್ಟರಲ್ಲಿ ಟಿಂಗ್ ಟಿಂಗ್ ಎಂದು ಕೂತು ಸಡಿಲಾಗಿರುತ್ತವೆ, ಅವನ್ನೂ ಅವತ್ತೇ ಬಿಗಿ ಮಾಡಿಸಿ.